ಧರ್ಮಾರ್ಥ ಆಸ್ಪತ್ರೆಯ ಉಚಿತ ಹಾಸಿಗೆ: ಲೆಕ್ಕ ಕೇಳುವವರು ಯಾರು?

2025ರ ಏಪ್ರಿಲ್ ತಿಂಗಳಲ್ಲಿ ಪುಣೆಯ ಒಂದು ದೊಡ್ಡ ಟ್ರಸ್ಟ್ ಆಸ್ಪತ್ರೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅವಳಿ ಮಕ್ಕಳ ಗರ್ಭಿಣಿಯೊಬ್ಬರನ್ನು ದಾಖಲಿಸಿಕೊಳ್ಳಲು 10 ಲಕ್ಷ ರೂಪಾಯಿ ಮುಂಗಡ ಕೇಳಿದರು ಎಂಬುದು ಕುಟುಂಬದ ಆರೋಪ. ಅವರು ಬೇರೆ ಆಸ್ಪತ್ರೆಗೆ ಹೋದರು. ಮಕ್ಕಳು ಹುಟ್ಟಿದವು, ತಾಯಿ ಉಳಿಯಲಿಲ್ಲ. ಪ್ರತಿಭಟನೆ ಜೋರಾದ ಮೇಲೆ, ಇನ್ನು ಮುಂದೆ ತುರ್ತು ರೋಗಿಗಳಿಂದ ಮುಂಗಡ ಪಡೆಯುವುದಿಲ್ಲ ಎಂದು ಆ ಆಸ್ಪತ್ರೆ ಪ್ರಕಟಿಸಿತು.

ಆ ಪ್ರಕರಣದ ಸರಿ ತಪ್ಪು ತನಿಖೆಗೆ ಬಿಟ್ಟದ್ದು. ಆದರೆ ಆಸ್ಪತ್ರೆಯ ಆ ಪ್ರಕಟಣೆಯನ್ನು ಓದಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ತುರ್ತು ಸ್ಥಿತಿಯ ಬಡ ರೋಗಿಯನ್ನು ಮುಂಗಡ ಕೇಳದೆ ದಾಖಲಿಸಿಕೊಳ್ಳಬೇಕು ಎಂಬ ನಿಯಮ 2006ರಿಂದಲೇ ಇದೆ. ಹತ್ತೊಂಬತ್ತು ವರ್ಷಗಳ ನಂತರವೂ ಮುಂಗಡದ ವಿಷಯ ಒಂದು ಸಾವಿನ ಬಳಿಕ ಚರ್ಚೆಗೆ ಬರಬೇಕಾಯಿತೇಕೆ?

ಇದು ನಮ್ಮ ಸಮಾಜಕ್ಕೆ ದೂರದ ಮಾತಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಸುಮಾರು 44.5 ಲಕ್ಷ ಜೈನರಲ್ಲಿ 14 ಲಕ್ಷದಷ್ಟು ಜನ ಮಹಾರಾಷ್ಟ್ರದಲ್ಲಿದ್ದಾರೆ. ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ನಮ್ಮ ರೈತ ಕುಟುಂಬಗಳು ದೊಡ್ಡ ಕಾಯಿಲೆ ಬಂದರೆ ಮಿರಜ್, ಸಾಂಗಲಿ, ಕೊಲ್ಹಾಪುರದ ದಾರಿ ಹಿಡಿಯುವುದು ವಾಡಿಕೆ. ಇನ್ನೊಂದು ಕಡೆ, ಅಂಥ ಟ್ರಸ್ಟುಗಳಿಗೆ ದೇಣಿಗೆ ಕೊಡುವವರಲ್ಲೂ ಟ್ರಸ್ಟಿಗಳಲ್ಲೂ ನಮ್ಮವರಿದ್ದಾರೆ. ರೋಗಿ, ದಾನಿ, ಟ್ರಸ್ಟಿ, ಮೂರು ಸ್ಥಾನದಲ್ಲೂ ನಾವೇ ಇರುವಾಗ ಈ ನಿಯಮಗಳೇನೆಂದು ತಿಳಿದಿರುವುದು ಒಳ್ಳೆಯದು.

ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆ 1950ರದ್ದು. ಅದಕ್ಕೆ ಆಮೇಲೆ ಸೇರಿಸಿದ 41ಎಎ ಕಲಮಿನ ಪ್ರಕಾರ, ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಹೆಚ್ಚು ವೆಚ್ಚವಿರುವ ಟ್ರಸ್ಟ್ ಆಸ್ಪತ್ರೆ ತನ್ನ ಹಾಸಿಗೆಗಳಲ್ಲಿ ಶೇ. 10ನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನೊಂದು ಶೇ. 10ನ್ನು ಆರ್ಥಿಕವಾಗಿ ದುರ್ಬಲರಾದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಕಾಗದದ ಮೇಲಿನ ಈ ನಿಯಮಕ್ಕೆ ಜೀವ ಬಂದದ್ದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಿಂದ. 2006ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ವಿವರವಾದ ಯೋಜನೆಯನ್ನು ಒಪ್ಪಿತು. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು.

ಯೋಜನೆಯ ತಿರುಳಿರುವುದು ನಿಧಿಯಲ್ಲಿ. ಬರೀ ಹಾಸಿಗೆ ಕೊಟ್ಟರೆ ರೋಗ ವಾಸಿಯಾಗುವುದಿಲ್ಲ. ಔಷಧಿ, ಸ್ಟೆಂಟು, ರಕ್ತ ಯಾರ ಖರ್ಚು? ಅದಕ್ಕಾಗಿ ಪ್ರತಿ ಆಸ್ಪತ್ರೆಯೂ ಉಳಿದ ರೋಗಿಗಳ ಒಟ್ಟು ಬಿಲ್ಲಿನ ಶೇ. 2ರಷ್ಟನ್ನು ಬಡ ರೋಗಿಗಳ ನಿಧಿ ಎಂದು ಪ್ರತ್ಯೇಕ ಖಾತೆಗೆ ಹಾಕಬೇಕು. ಬಡ ರೋಗಿಗೆ ಹಾಸಿಗೆ, ಶುಶ್ರೂಷೆಗಳಿಗೆ ಬಿಲ್ ಇಲ್ಲ. ಔಷಧಿ, ಇಂಪ್ಲಾಂಟ್‌ಗಳನ್ನು ಆಸ್ಪತ್ರೆ ಕೊಂಡ ಬೆಲೆಗೇ ಲೆಕ್ಕ ಹಾಕಿ ಈ ನಿಧಿಯಿಂದ ಕಳೆಯಬೇಕು. ಆದಾಯದ ಮಿತಿ ಮೊದಲು ತುಂಬಾ ಕಡಿಮೆಯಿತ್ತು. ಹಲವು ಬಾರಿ ಏರಿಸಿದ ಮೇಲೆ ಈಗ ಉಚಿತ ಚಿಕಿತ್ಸೆಗೆ ವರ್ಷಕ್ಕೆ 1.80 ಲಕ್ಷ, ರಿಯಾಯಿತಿಗೆ 3.60 ಲಕ್ಷ ರೂಪಾಯಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಅಥವಾ ಪಡಿತರ ಚೀಟಿ ತೋರಿಸಬೇಕು.

ಆಸ್ಪತ್ರೆಗಳು ಹೇಳುವುದನ್ನೂ ಕೇಳೋಣ. 200 ಹಾಸಿಗೆಯ ಆಸ್ಪತ್ರೆಯೊಂದು ವರ್ಷಕ್ಕೆ 100 ಕೋಟಿ ಬಿಲ್ ಮಾಡುತ್ತದೆ ಎಂದು ಇಟ್ಟುಕೊಳ್ಳಿ. ನಿಧಿಗೆ ಬರುವುದು 2 ಕೋಟಿ, ಅಂದರೆ ದಿನಕ್ಕೆ ಸುಮಾರು 55 ಸಾವಿರ. ಅದನ್ನು 20 ಉಚಿತ, 20 ರಿಯಾಯಿತಿ ಹಾಸಿಗೆಗಳಿಗೆ ಹಂಚಿದರೆ ಒಂದು ಹಾಸಿಗೆಗೆ ದಿನಕ್ಕೆ 1,370 ರೂಪಾಯಿ. ಜ್ವರಕ್ಕೆ, ಹೆರಿಗೆಗೆ ಸಾಲಬಹುದು. ಐಸಿಯುದಲ್ಲಿ ಒಂದು ಹೊತ್ತಿನ ಔಷಧಿಗೂ ಸಾಲದ ದಿನಗಳಿರುತ್ತವೆ. ಇದು ಸುಳ್ಳು ದೂರಲ್ಲ. ಆದರೆ ನಿಧಿ ಸಾಲುತ್ತಿಲ್ಲ ಎಂಬ ದೂರು ನಿಲ್ಲಬೇಕಾದರೆ ಅದು ವರ್ಷಾಂತ್ಯಕ್ಕೆ ಪೂರ್ತಿ ಖರ್ಚಾಗಿರಬೇಕು. ಆ ಅಂಕಿಯನ್ನು ಆಸ್ಪತ್ರೆಯೇ ಮುಂದಿಡಬೇಕು.

ನನ್ನ ದೃಷ್ಟಿಯಲ್ಲಿ ನಿಯಮ ಸೋಲುವುದು ದಾಖಲಾತಿ ಕೌಂಟರಿನಲ್ಲಿ. ಉಚಿತ ಹಾಸಿಗೆ ಇದೆಯೇ ಎಂದು ರೋಗಿಯ ಕಡೆಯವರೇ ಕೇಳಬೇಕು. ಹಾಗೊಂದು ಹಾಸಿಗೆ ಇರುತ್ತದೆಂದು ಗೊತ್ತಿಲ್ಲದವರು ಏನೆಂದು ಕೇಳಿಯಾರು? ಗೊತ್ತಿದ್ದವರೂ ರಾತ್ರಿ ಹನ್ನೊಂದಕ್ಕೆ ಆದಾಯ ಪ್ರಮಾಣಪತ್ರ ಎಲ್ಲಿಂದ ತಂದಾರು? ಬಡ ರೋಗಿಗಳನ್ನು ಗುರುತಿಸಿ ಸಹಾಯ ಮಾಡಲು ವೈದ್ಯಕೀಯ ಸಮಾಜ ಕಾರ್ಯಕರ್ತರು ಇರಬೇಕೆಂದು ಯೋಜನೆ ಹೇಳುತ್ತದೆ. ಗಡಿ ದಾಟಿ ಚಿಕಿತ್ಸೆಗೆ ಹೋಗುವ ನಮ್ಮವರು ಡಾಕ್ಟರ ಕೋಣೆಗೆ ಹೋಗುವ ಮುನ್ನ ಅವರನ್ನು ವಿಚಾರಿಸಿ, ತಮಗೆ ಯಾವ ಸೌಲಭ್ಯ ಸಲ್ಲುತ್ತದೆಂದು ತಿಳಿದುಕೊಳ್ಳಬೇಕು. ಪಡಿತರ ಚೀಟಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡುವುದು ಕ್ಷೇಮ.

ದೆಹಲಿಯಲ್ಲಿ ಜಗಳ ನಡೆದದ್ದು ಜಮೀನಿನ ಮೇಲೆ. ರಿಯಾಯಿತಿ ದರದಲ್ಲಿ ಸರ್ಕಾರಿ ಜಮೀನು ಪಡೆದ ಆಸ್ಪತ್ರೆಗಳು ಒಳರೋಗಿಗಳಲ್ಲಿ ಶೇ. 10, ಹೊರರೋಗಿಗಳಲ್ಲಿ ಶೇ. 25ರಷ್ಟು ಬಡವರಿಗೆ ಉಚಿತ ಚಿಕಿತ್ಸೆ ಕೊಡಬೇಕೆಂದು 2007ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ನಮ್ಮ ಗುತ್ತಿಗೆ ಪತ್ರದಲ್ಲಿ ಅಂಥ ಷರತ್ತೇ ಇರಲಿಲ್ಲ ಎಂದು ಕೆಲವು ಟ್ರಸ್ಟುಗಳು ವಾದಿಸಿದವು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಸಾರ್ವಜನಿಕರ ಜಮೀನನ್ನು ಅಗ್ಗಕ್ಕೆ ಪಡೆದ ಮೇಲೆ ಸಾರ್ವಜನಿಕರ ಋಣವೂ ಅದರೊಂದಿಗೆ ಬರುತ್ತದೆ.

ಕರ್ನಾಟಕದಲ್ಲಿ? ಟ್ರಸ್ಟ್ ಆಸ್ಪತ್ರೆ ಎಂಬ ಕಾರಣಕ್ಕೆ ಇಂತಿಷ್ಟು ಹಾಸಿಗೆ ಮೀಸಲಿಡಬೇಕು ಎಂಬ ಮಹಾರಾಷ್ಟ್ರದಂಥ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಎಲ್ಲ ಖಾಸಗಿ ಆಸ್ಪತ್ರೆಗಳಿಗೂ ಒಂದೇ. 2017ರ ತಿದ್ದುಪಡಿಯಲ್ಲಿ ಮುಂಗಡಕ್ಕಾಗಿ ತುರ್ತು ಚಿಕಿತ್ಸೆ ತಡೆಯಬಾರದು ಎಂಬಂಥ ರೋಗಿಯ ಹಕ್ಕುಗಳು ಬಂದವು. ಆದರೆ ಲಾಭಕ್ಕಾಗಿ ನಡೆಸುವ ಆಸ್ಪತ್ರೆಗೂ ತೆರಿಗೆ ವಿನಾಯಿತಿ ಪಡೆದ ಆಸ್ಪತ್ರೆಗೂ ಹೊಣೆಯಲ್ಲಿ ವ್ಯತ್ಯಾಸವೇನೂ ಅದರಲ್ಲಿ ಕಾಣುವುದಿಲ್ಲ.

ವ್ಯತ್ಯಾಸ ಮಾಡುವುದು ಆದಾಯ ತೆರಿಗೆ ಇಲಾಖೆ ಮಾತ್ರ, ಅದೂ ಹಣದ ಲೆಕ್ಕದಲ್ಲಿ. ವೈದ್ಯಕೀಯ ನೆರವು ಧರ್ಮಾರ್ಥ ಉದ್ದೇಶವೆಂದು ಕಾನೂನು ಒಪ್ಪಿದೆ. ನೋಂದಾಯಿತ ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಆ ಉದ್ದೇಶಕ್ಕೆ ಬಳಸಿದರೆ ವಿನಾಯಿತಿ ಸಿಗುತ್ತದೆ. ಕಟ್ಟಡಕ್ಕೆ, ಎಂಆರ್‌ಐ ಯಂತ್ರಕ್ಕೆ ಹಾಕಿದ ಹಣವೂ ಈ ಬಳಕೆಯಲ್ಲೇ ಸೇರುತ್ತದೆ. ಹೀಗಾಗಿ ಪೂರ್ತಿ ಶುಲ್ಕ ಕೊಟ್ಟವರಿಗೇ ಚಿಕಿತ್ಸೆ ಕೊಟ್ಟು, ಬಂದ ಹಣದಲ್ಲಿ ಹೊಸ ಬ್ಲಾಕ್ ಕಟ್ಟುತ್ತ ಹೋದರೂ ಪುಸ್ತಕದಲ್ಲಿ ಅದು ಧರ್ಮಕಾರ್ಯವೇ. ಲೆಕ್ಕಪರಿಶೋಧಕರು ಹಣ ಎಲ್ಲಿ ಹೋಯಿತೆಂದು ನೋಡುತ್ತಾರೆ; ಬಾಗಿಲಿನಿಂದ ಯಾರು ವಾಪಸ್ಸು ಹೋದರೆಂದು ನೋಡುವುದು ಅವರ ಕೆಲಸವಲ್ಲ.

ಇನ್ನೊಂದು ಗೊಂದಲವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆ ರೋಗಿಗಳ ಸಂಖ್ಯೆಯನ್ನು ಆಸ್ಪತ್ರೆ ತನ್ನ ಸೇವೆಯ ಪಟ್ಟಿಗೆ ಸೇರಿಸಿದರೆ ಓದುವವರಿಗೆ ದಾನದಂತೆ ಕಾಣುತ್ತದೆ. ಹಣ ಕೊಟ್ಟದ್ದು ಸರ್ಕಾರ. ಸರ್ಕಾರದ ದರ ಸಾಲದೆ ಟ್ರಸ್ಟ್ ಕೈಯಿಂದ ತುಂಬಿದ ಮೊತ್ತವಿದ್ದರೆ ಅದನ್ನು ಬೇರೆಯಾಗಿ ತೋರಿಸಲಿ. ಅಮೆರಿಕದಲ್ಲೂ ಇದೇ ವಾದ ನಡೆದಿದೆ. ಅಲ್ಲಿ ಲಾಭರಹಿತ ಆಸ್ಪತ್ರೆಗಳು ಬಡವರ ಸರ್ಕಾರಿ ವಿಮೆಯ ದರಕ್ಕೂ ತಮ್ಮ ವೆಚ್ಚಕ್ಕೂ ಇರುವ ಅಂತರವನ್ನು ಸಮಾಜಸೇವೆಯೆಂದು ಲೆಕ್ಕ ಕೊಡುತ್ತವೆ. ಆದರೆ 2010ರ ಕಾನೂನಿನ ಒಂದು ಅಂಶ ನಮಗೆ ಉಪಯುಕ್ತ: ಮೂರು ವರ್ಷಕ್ಕೊಮ್ಮೆ ಆಸ್ಪತ್ರೆ ತನ್ನ ಸುತ್ತಲಿನ ಜನರ ಆರೋಗ್ಯದ ಅಗತ್ಯವೇನೆಂದು ಸಮೀಕ್ಷೆ ಮಾಡಿ ಸಾರ್ವಜನಿಕವಾಗಿ ಪ್ರಕಟಿಸಬೇಕು, ತಪ್ಪಿದರೆ 50,000 ಡಾಲರ್ ದಂಡ. ಓಣಿಯಲ್ಲಿ ಡಯಾಲಿಸಿಸ್ ಬೇಕಾದವರು ಎಷ್ಟು ಜನ ಎಂದು ತಿಳಿಯದೆ ಹೃದಯದ ವಿಭಾಗ ತೆರೆಯುವ ಅಭ್ಯಾಸ ನಮ್ಮಲ್ಲೂ ಇಲ್ಲವೆನ್ನಲಾಗದು.

ಔಷಧ ದಾನ ನಮ್ಮ ನಾಲ್ಕು ದಾನಗಳಲ್ಲಿ ಒಂದು. ಕೊಡುವವರಿಗೆ 80ಜಿ ರಸೀದಿ ಸಿಗುತ್ತದೆ, ಗೋಡೆಯ ಮೇಲೆ ಹೆಸರೂ ಬರುತ್ತದೆ. ಕೊಟ್ಟದ್ದು ರೋಗಿಗೆ ಮುಟ್ಟಿತೇ ಎಂದು ಕೇಳಿದರೆ ಮಾತ್ರ ಟ್ರಸ್ಟಿನ ಮೇಲೆ ಅನುಮಾನಪಟ್ಟಂತೆ ಎಂಬ ಸಂಕೋಚ. ಆ ಸಂಕೋಚಕ್ಕೆ ಕಾರಣವಿಲ್ಲ. ಸರ್ಕಾರ ಕಾನೂನು ತರುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಸಮಾಜದವರು ನಡೆಸುವ ಆಸ್ಪತ್ರೆಗಳ ವಾರ್ಷಿಕ ವರದಿಯಲ್ಲಿ, ದಾನಿಗಳ ಭಾವಚಿತ್ರಗಳ ಪುಟಗಳಾದ ಮೇಲೆ, ಒಂದು ಪುಟ ಬಿಡಲಿ: ಉಚಿತ ಹಾಸಿಗೆ ಎಷ್ಟು, ವರ್ಷದಲ್ಲಿ ಅವು ಎಷ್ಟು ದಿನ ಖಾಲಿ ಇದ್ದವು, ಟ್ರಸ್ಟ್ ಸ್ವಂತ ಹಣದಿಂದ ಮನ್ನಾ ಮಾಡಿದ ಬಿಲ್ ಎಷ್ಟು, ಮುಂಗಡ ಕಟ್ಟಲಾಗದೆ ವಾಪಸ್ಸು ಹೋದವರು ಎಷ್ಟು ಜನ. ಕೊನೆಯ ಅಂಕಿಯನ್ನು ಇವತ್ತು ಯಾವ ಕೌಂಟರಿನಲ್ಲೂ ಬರೆದಿಡುವಂತೆ ಕಾಣುವುದಿಲ್ಲ. ಅದಕ್ಕೊಂದು ರಿಜಿಸ್ಟರ್ ಇಡುವುದರಿಂದ ಆರಂಭಿಸಬಹುದು.