ಕುಸಿಯಲಿ ಎನ್ನುವವರು ಬೆಲೆ ತೆರುವುದಿಲ್ಲ

"ಈ ವ್ಯವಸ್ಥೆ ಒಮ್ಮೆ ಪೂರ್ತಿ ಹದಗೆಡಲಿ, ಆಗಲೇ ಸರಿಹೋದೀತು." ಲೋಕಲ್ ರೈಲಿನಲ್ಲಾಗಲಿ, ಸಂಘದ ಮಹಾಸಭೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಾಗಲಿ ಈ ಮಾತು ಕೇಳದವರು ವಿರಳ. ಬೇಸರದಲ್ಲಿ ಬಾಯಿಗೆ ಬರುವ ಮಾತಿದು. ಆದರೆ ಇದನ್ನೇ ಸಿದ್ಧಾಂತ ಮಾಡಿಕೊಂಡವರೂ ಇದ್ದಾರೆ. ಅದಕ್ಕೆ 'ಆಕ್ಸಲರೇಶನಿಸಂ' ಎಂದು ಹೆಸರು. ಕನ್ನಡದಲ್ಲಿ ವೇಗವರ್ಧನವಾದ ಎನ್ನಬಹುದು. ಬಂಡವಾಳಶಾಹಿಗೂ ತಂತ್ರಜ್ಞಾನಕ್ಕೂ ಬ್ರೇಕ್ ಹಾಕಬೇಡಿ, ಇನ್ನಷ್ಟು ವೇಗ ಕೊಡಿ, ಹಳೆಯದು ಮುರಿದು ಹೊಸದು ಹುಟ್ಟಲಿ ಎಂಬುದು ಅದರ ಸಾರ.

ವಿಚಾರ ಹಳೆಯದು. 1848ರ ಜನವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಮಾತನಾಡಿದ ಕಾರ್ಲ್ ಮಾರ್ಕ್ಸ್, ಮುಕ್ತ ವ್ಯಾಪಾರವು ವರ್ಗಸಂಘರ್ಷವನ್ನು ತೀವ್ರಗೊಳಿಸಿ ಕ್ರಾಂತಿಯನ್ನು ಹತ್ತಿರ ತರುತ್ತದೆ ಎಂಬ ಕಾರಣಕ್ಕಾಗಿಯೇ ಅದನ್ನು ಬೆಂಬಲಿಸಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ನಿಕ್ ಲ್ಯಾಂಡ್ ಇದನ್ನು ಉಗ್ರ ರೂಪಕ್ಕೆ ಒಯ್ದರು. ಮುಂದೆ ಅವರು ಪ್ರಜಾಪ್ರಭುತ್ವವನ್ನೇ ವಿರೋಧಿಸುವ ಬಲಪಂಥಕ್ಕೆ ವಾಲಿದರು. ಇದಕ್ಕೆ ಈ ಹೆಸರು ರೂಢಿಯಾದದ್ದು 2010ರ ಸುಮಾರಿಗೆ, ಇದನ್ನು ಟೀಕಿಸಿದ ಬೆಂಜಮಿನ್ ನಾಯ್ಸ್ ಅವರಿಂದ ಎಂಬುದು ಗಮನಾರ್ಹ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2013ರಲ್ಲಿ ಪ್ರಣಾಳಿಕೆ ಪ್ರಕಟಿಸಿದ ನಿಕ್ ಸರ್ನಿಚೆಕ್ ಮತ್ತು ಅಲೆಕ್ಸ್ ವಿಲಿಯಮ್ಸ್ ಕೇಳಿದ್ದು ನಾಶವನ್ನಲ್ಲ. ತಂತ್ರಜ್ಞಾನವನ್ನು ಲಾಭಕ್ಕಾಗಿ ಅಲ್ಲ, ಜನರ ಬಿಡುಗಡೆಗಾಗಿ ಬಳಸಬೇಕೆಂದು. ಅಮೆರಿಕದ ಬಂಡವಾಳ ಹೂಡಿಕೆದಾರ ಮಾರ್ಕ್ ಆಂಡ್ರೀಸನ್ 2023ರಲ್ಲಿ ಹೊರಡಿಸಿದ ಪ್ರಣಾಳಿಕೆಯದು ಇನ್ನೊಂದು ದಾರಿ. ತಂತ್ರಜ್ಞಾನಕ್ಕೆ ಅಡ್ಡಿಯೇ ಬೇಡ ಎಂದಿತು ಅದು. ವೇಗವೊಂದೇ ಸಾಲದು, ಯಾವ ದಿಕ್ಕಿಗೆ ಎಂಬುದೂ ಮುಖ್ಯ ಎಂದು ಮರುತಿಂಗಳೇ ಉತ್ತರಿಸಿದವರು ಎಥೀರಿಯಂ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್. ಆದರೆ 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದ ಬಿಳಿಯ ಜನಾಂಗವಾದಿಯೂ ತನ್ನ ಬರಹದಲ್ಲಿ ಇದೇ ಪದವನ್ನು ಬಳಸಿದ್ದ. ಸಮಾಜ ಒಡೆಯಲೆಂಬುದೇ ಅವನ ಗುರಿಯಾಗಿತ್ತು.

ಹದಗೆಟ್ಟರೆ ಸರಿಹೋದೀತು ಎಂಬ ಲೆಕ್ಕಕ್ಕೆ ಇತಿಹಾಸ ಉತ್ತರ ಕೊಟ್ಟಿದೆ. 1930ರ ದಶಕದ ಆರಂಭದಲ್ಲಿ ಜರ್ಮನಿಯ ಕಮ್ಯುನಿಸ್ಟರಲ್ಲಿ ಹಲವರು, ಹಿಟ್ಲರ್ ಬಂದರೂ ಹೆಚ್ಚು ದಿನ ಬಾಳಲಾರ, ಆಮೇಲೆ ಸರದಿ ತಮ್ಮದೇ ಎಂದು ನಂಬಿದ್ದರು. 1933ರ ಜನವರಿಯಲ್ಲಿ ಹಿಟ್ಲರ್ ಚಾನ್ಸಲರ್ ಆದ. ಮಾರ್ಚ್‌ನಲ್ಲೇ ಪಕ್ಷದ ನಾಯಕ ಅರ್ನ್ಸ್ಟ್ ಥೇಲ್‌ಮನ್ ಸೆರೆಯಾದರು. 1944ರ ಆಗಸ್ಟ್‌ನಲ್ಲಿ ಬುಕೆನ್‌ವಾಲ್ಡ್ ಶಿಬಿರದಲ್ಲಿ ಅವರನ್ನು ಕೊಲ್ಲಲಾಯಿತು. ಸರದಿ ಬರಲೇ ಇಲ್ಲ.

ಕುಸಿತ ಎಂದರೇನೆಂದು ಮುಂಬಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಬಹಳಷ್ಟು ಗಿರಣಿಗಳು ಮುಚ್ಚಿದವು. ಆ ಜಾಗಗಳಲ್ಲಿ ಮಾಲ್‌ಗಳೂ ಗೋಪುರಗಳೂ ಎದ್ದವು, ನಿಜ. ಆದರೆ ಕೆಲಸ ಕಳೆದುಕೊಂಡವರಲ್ಲಿ ಎಷ್ಟು ಮಂದಿ ಅಲ್ಲಿ ಮನೆ ಕೊಂಡರು? ಹಳೆಯದು ಬಿದ್ದ ಜಾಗದಲ್ಲಿ ಹೊಸದು ಹುಟ್ಟಬಹುದು. ಅದು ಬಿದ್ದಾಗ ಅಡಿಯಲ್ಲಿ ಸಿಕ್ಕವರಿಗೇ ದಕ್ಕುತ್ತದೆ ಎಂಬ ಖಾತರಿಯಿಲ್ಲ.

ಹಾಗೆಂದು ಸದಾ ಬ್ರೇಕ್ ಒತ್ತಿ ಕೂರುವುದೂ ಸರಿಯಲ್ಲ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಟನೆಗಳು ಪ್ರತಿಭಟಿಸಿದ್ದು ಅನೇಕರಿಗೆ ನೆನಪಿರಬಹುದು. 1983 ಮತ್ತು 1987ರಲ್ಲಿ ಆಡಳಿತವರ್ಗ ಹಾಗೂ ಸಂಘಟನೆಗಳ ನಡುವೆ ಒಪ್ಪಂದಗಳಾದವು. ಚೌಕಾಶಿ ನಡೆಯಿತು, ತಡವೂ ಆಯಿತು. ಆದರೂ ಯಂತ್ರ ಬಂತು, ಬ್ಯಾಂಕು ಉಳಿಯಿತು. ಇಂದು ಊರಿನಲ್ಲಿರುವ ತಾಯಿಗೆ ಮುಂಬಯಿಯ ಮಗ ಕ್ಷಣದಲ್ಲಿ ಹಣ ಕಳಿಸುತ್ತಾನೆ. ಮಾತುಕತೆಯಿಂದ ಬಂದ ಬದಲಾವಣೆ ನಿಧಾನವಾದೀತು. ಆದರೆ ಅದರಲ್ಲಿ ಬಾಧಿತರ ಸಹಿಯೂ ಇರುತ್ತದೆ.

ವೇಗವರ್ಧನವಾದದ ದೊಡ್ಡ ದೋಷ ಇಲ್ಲೇ ಇದೆ. ಅದು ಬೇರೆಯವರನ್ನು ಕೇಳದೆ ಅವರ ಹೆಸರಿನಲ್ಲಿ ಸಾಲ ಎತ್ತುತ್ತದೆ. ಲಾಭದ ಕನಸು ಸಿದ್ಧಾಂತಿಯದು, ಕಂತು ಕಟ್ಟುವವರು ಕೂಲಿಕಾರರು, ಅಲ್ಪಸಂಖ್ಯಾತರು, ಉಳಿತಾಯವಿಲ್ಲದ ಸಂಸಾರಗಳು.

ಪುಣೆ, ಹೈದರಾಬಾದ್, ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಕಿವಿಗೂ ಇಂದು ಈ ವಾದ ಬೀಳುತ್ತಿದೆ. ಕೃತಕ ಬುದ್ಧಿಮತ್ತೆಗೆ ಕಡಿವಾಣವೇ ಬೇಡ ಎಂಬ ಮಾತು ಆಕರ್ಷಕವಾಗಿಯೂ ಕೇಳಿಸುತ್ತದೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಸಂಘಗಳ ಯುವ ವಿಭಾಗಗಳು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲಿ. ಯಾರಾದರೂ "ಕುಸಿಯಲಿ ಬಿಡಿ" ಎಂದಾಗ ಒಂದೇ ಪ್ರಶ್ನೆ ಕೇಳುವುದನ್ನು ಮಕ್ಕಳು ಕಲಿತರೆ ಸಾಕು: ನಷ್ಟ ಯಾರ ಖಾತೆಗೆ?