ಹುಲಿಗೆ ಗೇಟು, ಡಾಲ್ಫಿನ್‌ಗೆ ಗ್ಯಾರಂಟಿ

ನಾಗಪುರದ ಗಾಂಧಿಬಾಗ್ ಎಂದರೆ ಬಟ್ಟೆ. ಸಗಟು ಸೀರೆ ಅಂಗಡಿಗಳ ಸಾಲು, ಥಾನುಗಳನ್ನು ಹೊತ್ತು ಸಾಗುವ ಹಮಾಲರು, ಮದುವೆ ಜವಳಿಗೆಂದು ಹಳ್ಳಿಗಳಿಂದ ಬಂದಿಳಿಯುವ ಕುಟುಂಬಗಳು. ವಿದರ್ಭದ ಎಷ್ಟೋ ಮದುವೆಗಳು ಮೊದಲು ಶುರುವಾಗುವುದೇ ಇಲ್ಲಿ. ಜವಳಿ ಮುಗಿದು ಛತ್ರ, ಅಡುಗೆಯವರು ಗೊತ್ತಾದ ಮೇಲೆ ಹುಡುಗ ಹುಡುಗಿ ಮೊಬೈಲ್ ಹಿಡಿದು ಹುಡುಕುವುದು ಹನಿಮೂನ್ ಜಾಗ. ದೇಶದ ನಟ್ಟನಡುವೆ, ಝೀರೋ ಮೈಲ್ ಕಲ್ಲಿನ ಊರಿನಲ್ಲಿ ಬೆಳೆದವರಿಗೆ ಕಣ್ಣು ಹೋಗುವುದು ಸಹಜವಾಗಿ ಕಡಲಿನ ಕಡೆಗೆ. ಎತ್ತ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೆ ಈಗ ಆ ದೂರವೂ ಮೊದಲಿನಷ್ಟು ಹೆದರಿಸುವುದಿಲ್ಲ. ಮಡಗಾಂವ್‌ಗೆ ವಿಶೇಷ ರೈಲು ಓಡಿದೆ. 701 ಕಿಲೋಮೀಟರ್ ಉದ್ದದ ನಾಗಪುರ–ಮುಂಬೈ ಸಮೃದ್ಧಿ ಹೆದ್ದಾರಿ 2025ರ ಜೂನ್‌ನಲ್ಲಿ ಪೂರ್ತಿ ತೆರೆದುಕೊಂಡಿದೆ. ಮಾಲ್ವಣ, ಗೋವಾ, ಅಲ್ಲಿಂದ ಒಂದು ಹೆಜ್ಜೆ ಮುಂದೆ ಬಂದರೆ ನಮ್ಮ ಕಾರವಾರ, ಗೋಕರ್ಣ, ಮುರುಡೇಶ್ವರ.

ಪ್ಯಾಕೇಜುಗಳೂ ಹಾಗೇ ಬದಲಾಗಿವೆ. ಹಿಂದೆ ಸಮುದ್ರ ನೋಡುವ ಕೋಣೆ, ಮರಳಿನ ಮೇಲೆ ಒಂದು ಸಂಜೆ ಸಿಕ್ಕರೆ ಸಾಕಿತ್ತು. ಈಗ ಅದರ ಜೊತೆಗೆ ಡಾಲ್ಫಿನ್ ಟ್ರಿಪ್, ಸ್ನಾರ್ಕೆಲಿಂಗ್, ನೀರಿನಡಿ ಕೈಕೈ ಹಿಡಿದು ತೆಗೆಸಿಕೊಂಡ ಫೋಟೊ, ಅದೃಷ್ಟವಿದ್ದರೆ ಕಡಲಾಮೆ. ಗೋವಾದ ಕಿನಾರೆಯಲ್ಲಿ ಬೋಟಿನವರು ಕೂಗಿ ಕರೆಯುವ ಮಾತೊಂದು ಇಡೀ ಪಶ್ಚಿಮ ಕರಾವಳಿಗೆ ಪರಿಚಿತ: ಡಾಲ್ಫಿನ್ ಕಾಣದಿದ್ದರೆ ದುಡ್ಡು ಬೇಡ. ಗಿರಾಕಿಗೆ ಇದಕ್ಕಿಂತ ನ್ಯಾಯವಾದ ವ್ಯಾಪಾರ ಬೇರೆ ಉಂಟೇ ಅನ್ನಿಸುತ್ತದೆ. ಕಡಲ ಪ್ರಾಣಿಗೆ ಕುತ್ತು ತಂದಿರುವುದು ಮಾತ್ರ ಇದೇ ಗ್ಯಾರಂಟಿ.

ಇದನ್ನು ನಾಗಪುರದವರಿಗೆ ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಅವರಿಗೆ ಕಡಲು ಅಪರೂಪವಿರಬಹುದು, ಹುಲಿಯಲ್ಲ. ತಾಡೋಬಾ, ಪೇಂಚ್, ಉಮ್ರೇಡ್‌ ಕಾಡುಗಳು ಕೂಗಳತೆಯಲ್ಲಿವೆ. 2024ರ ಡಿಸೆಂಬರ್ 31ರಂದು ಉಮ್ರೇಡ್–ಪವನಿ–ಕರ್‍ಹಾಂಡ್ಲಾ ಅಭಯಾರಣ್ಯದಲ್ಲಿ ಸಫಾರಿ ಜೀಪುಗಳು ಎಫ್–2 ಎಂಬ ಹೆಣ್ಣು ಹುಲಿಯನ್ನೂ ಅದರ ಐದು ಮರಿಗಳನ್ನೂ ಎರಡೂ ಕಡೆಯಿಂದ ಅಡ್ಡಗಟ್ಟಿ ನಿಂತವು. ವಿಡಿಯೊ ಹರಡಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಗೈಡುಗಳನ್ನೂ ಚಾಲಕರನ್ನೂ ಅಮಾನತು ಮಾಡಿ ದಂಡ ಹಾಕಲಾಯಿತು. ಹೊಸ ವರ್ಷದ ಹಿಂದಿನ ದಿನ ಹುಲಿ ತೋರಿಸಲೇಬೇಕೆಂಬ ಒತ್ತಡ ಏನು ಮಾಡಿಸುತ್ತದೆ ಎಂಬುದನ್ನು ಇಡೀ ಊರು ಕಂಡಿತು.

ಗಮನಿಸಬೇಕಾದದ್ದು ಮುಂದಿನ ಸಂಗತಿ. ಜೀಪುಗಳು ತಪ್ಪು ಮಾಡಿದವು ಎಂದು ಹೇಳಲು ಅಲ್ಲೊಂದು ನಿಯಮವಿತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಸುತ್ತುಗಟ್ಟಬಾರದು, ಆಮಿಷ ಒಡ್ಡಬಾರದು ಎನ್ನುತ್ತದೆ. ಗೇಟಿದೆ, ಗೇಟಿನಲ್ಲಿ ಜೀಪುಗಳ ಲೆಕ್ಕವಿದೆ, ಪ್ರತಿ ಜೀಪಿಗೂ ನೋಂದಾಯಿತ ಗೈಡ್ ಇದ್ದಾನೆ. ಹುಲಿ ಕಾಣದಿದ್ದರೆ ದುಡ್ಡು ವಾಪಸ್ ಕೊಡಿ ಎಂದು ತಾಡೋಬಾದ ಗೇಟಿನಲ್ಲಿ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ.

ಅದೇ ದಂಪತಿ ಕಾರವಾರಕ್ಕೆ ಬಂದು ಬೋಟು ಹತ್ತಿದರೆ? ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪರಿಚ್ಛೇದದಲ್ಲಿ ಹುಲಿಯೂ ಇದೆ, ಡಾಲ್ಫಿನ್ನೂ ಇದೆ. ಕಾನೂನಿನ ಕಣ್ಣಿನಲ್ಲಿ ಎರಡಕ್ಕೂ ಒಂದೇ ಪಂಕ್ತಿ. ಅಷ್ಟೇ ಅಲ್ಲ, ಬೇಟೆ ಎಂದರೆ ಏನೆಂದು ಅದೇ ಕಾಯ್ದೆ ಹೇಳುವಾಗ ಕೊಲ್ಲುವುದರ ಜೊತೆಗೆ ಅಟ್ಟುವುದನ್ನೂ ಬೆನ್ನಟ್ಟುವುದನ್ನೂ ಆಮಿಷ ತೋರಿಸುವುದನ್ನೂ ಸೇರಿಸುತ್ತದೆ. ಹಾಗೆ ನೋಡಿದರೆ ಎಂಜಿನ್ ಏರಿಸಿಕೊಂಡು ಡಾಲ್ಫಿನ್ ಗುಂಪಿನ ಬೆನ್ನು ಬೀಳುವ ಬೋಟು ಎಷ್ಟರಮಟ್ಟಿಗೆ ಬರೀ ವಿಹಾರಕ್ಕೆ ಹೊರಟದ್ದು ಎಂದು ಕೇಳಬೇಕಾಗುತ್ತದೆ. ಲೈಫ್ ಜಾಕೆಟ್ ಹಾಕಿದ್ದೀರಾ ಎಂದು ನೋಡುವವರು ಕಿನಾರೆಯಲ್ಲಿ ಸಿಕ್ಕಾರು, ಪ್ರಾಣಿಯ ಹತ್ತಿರ ಹೇಗೆ ನಡೆದುಕೊಂಡಿರಿ ಎಂದು ಕೇಳುವವರು ಸಿಗುವುದು ಕಷ್ಟ.

ಕಾರವಾರದ ಕಾಳಿ ನದಿಯ ಅಳಿವೆ, ದೇವಬಾಗದ ಮುಂದಿನ ನೀರು, ಗೋವಾದ ಕಿನಾರೆ ಇಲ್ಲೆಲ್ಲ ಕಾಣುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಜಾಹೀರಾತಿನಲ್ಲಿ ಸೂರ್ಯನಿಗೆ ಅಡ್ಡಲಾಗಿ ಚಿಮ್ಮುವ ಡಾಲ್ಫಿನ್ ಇದಲ್ಲ. ಮೊದಲು ಉದ್ದ ಮೂತಿ ನೀರಿನ ಮೇಲೆ ಬರುತ್ತದೆ, ಆಮೇಲೆ ಬೂದು ಬಣ್ಣದ ಬೆನ್ನು, ಬೆನ್ನಿನ ದಿಣ್ಣೆಯ ಮೇಲೆ ಸಣ್ಣದೊಂದು ರೆಕ್ಕೆ. ಫುಸ್ಸೆಂದು ಉಸಿರು ಬಿಟ್ಟು ಹಾಗೇ ಬಾಗಿ ಒಳಗೆ ಹೋಗುತ್ತದೆ. ಇಷ್ಟೇ. ಎರಡು ಮೂರು ಸೆಕೆಂಡಿನ ಈ ದರ್ಶನಕ್ಕೆ ಮೊಬೈಲ್ ಕ್ಯಾಮೆರಾ ತೆರೆಯುವಷ್ಟರಲ್ಲಿ ನೀರು ಮೊದಲಿನಂತಾಗಿರುತ್ತದೆ. ಇನ್ನೂ ಹತ್ತಿರ ಹೋಗಣ್ಣ ಎಂಬ ಮಾತು ಹೊರಡುವುದು ಆಗಲೇ.

ಹತ್ತಿರ ಹೋದರೆ ಏನಾಗುತ್ತದೆ? ಗೂನುಬೆನ್ನಿನ ಡಾಲ್ಫಿನ್ ಆಳ ಸಮುದ್ರಕ್ಕೆ ತಪ್ಪಿಸಿಕೊಂಡು ಹೋಗುವ ಜೀವಿಯಲ್ಲ. ದಡದ ಹತ್ತಿರದ ಆಳವಿಲ್ಲದ ನೀರು, ಅಳಿವೆಗಳ ಬಾಯಿಯೇ ಅದರ ಮನೆ. ಬಲೆ, ಬಂದರು, ಕೊಳಕು ನೀರು, ಬೋಟು ಎಲ್ಲವೂ ಇರುವುದು ಅಲ್ಲೇ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಹಿಂದೂ ಮಹಾಸಾಗರದ ಈ ಡಾಲ್ಫಿನ್ ಅನ್ನು ಅಳಿವಿನಂಚಿನ ಪಟ್ಟಿಯಲ್ಲಿ ಇಟ್ಟಿದೆ. ಮಬ್ಬು ನೀರಿನಲ್ಲಿ ಕಣ್ಣಿಗಿಂತ ಕಿವಿಯೇ ಅದಕ್ಕೆ ದಿಕ್ಕು. ತಾನೇ ಹೊರಡಿಸಿದ ಸದ್ದಿನ ಮರುಧ್ವನಿಯಿಂದ ಮೀನು ಎಲ್ಲಿದೆ, ಮರಿ ಎಲ್ಲಿದೆ ಎಂದು ತಿಳಿಯುತ್ತದೆ. ಸುತ್ತ ನಾಲ್ಕು ಔಟ್‌ಬೋರ್ಡ್ ಎಂಜಿನ್ ಕಿರುಚುತ್ತಿದ್ದರೆ ಊಟಕ್ಕೂ ಸಂಚಕಾರ, ಮರಿಯ ಜೊತೆಗಿನ ಮಾತಿಗೂ ಸಂಚಕಾರ.

ನಾಲ್ಕು ಬೋಟು ಬೇಕಿಲ್ಲ, ಎರಡೇ ಸಾಕು ಎಂಬುದಕ್ಕೆ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ದೀರ್ಘಕಾಲ ನಡೆದ ಅಧ್ಯಯನವೊಂದು ಸಾಕ್ಷಿ. ಅಲ್ಲಿ ಡಾಲ್ಫಿನ್ ತೋರಿಸಲು ಒಂದು ಪ್ರವಾಸಿ ಬೋಟಿಗೆ ಪರವಾನಗಿ ಇತ್ತು; ಎರಡನೆಯದು ಬಂದ ಮೇಲೆ ಆ ಜಾಗದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಶೇ 14.9ರಷ್ಟು ಇಳಿಯಿತು. ಅಂದರೆ ಏಳರಲ್ಲಿ ಒಂದು. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ 2006ರಲ್ಲಿ ಮತ್ತೆ ಒಂದೇ ಪರವಾನಗಿಗೆ ಇಳಿಸಿತು. ಹವಾಯಿಯ ಕಥೆ ಇನ್ನೊಂದು ಬಗೆಯದು. ಅಲ್ಲಿನ ಸ್ಪಿನ್ನರ್ ಡಾಲ್ಫಿನ್ ರಾತ್ರಿಯೆಲ್ಲ ಬೇಟೆಯಾಡಿ ಹಗಲು ಕೊಲ್ಲಿಗೆ ಬಂದು ನಿದ್ದೆ ಮಾಡುತ್ತದೆ, ಪ್ರವಾಸಿಗರು ಈಜಲು ಇಳಿಯುವುದೂ ಹಗಲಿನಲ್ಲೇ. ನಿದ್ದೆಗೆಡಿಸುವ ಈ ವ್ಯಾಪಾರಕ್ಕೆ 2021ರಲ್ಲಿ ತಡೆ ಬಿತ್ತು. ದಡದಿಂದ ಎರಡು ನಾಟಿಕಲ್ ಮೈಲಿಯೊಳಗೆ ಆ ಡಾಲ್ಫಿನ್‌ಗೆ 50 ಗಜಕ್ಕಿಂತ ಹತ್ತಿರ ಈಜಿಕೊಂಡೂ ಹೋಗುವಂತಿಲ್ಲ, ಬೋಟಿನಲ್ಲೂ ಹೋಗುವಂತಿಲ್ಲ.

ಬೈಗುಳವೆಲ್ಲ ಬೋಟಿನವನ ತಲೆಗೆ ಕಟ್ಟುವುದು ಸುಲಭ, ಆದರೆ ಅನ್ಯಾಯ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಮಳೆಗಾಲದಲ್ಲಿ ಪ್ರವಾಸಿಗರೂ ಇಲ್ಲ. ಉಳಿದ ತಿಂಗಳುಗಳಲ್ಲೇ ಎಂಜಿನ್ ಸಾಲ, ಡೀಸೆಲ್, ಮಕ್ಕಳ ಫೀಸು ಎಲ್ಲವೂ ಹುಟ್ಟಬೇಕು. ತಾನೊಬ್ಬ ದೂರದಲ್ಲಿ ಎಂಜಿನ್ ಆರಿಸಿ ನಿಂತರೆ ಪಕ್ಕದ ಬೋಟು ನುಗ್ಗಿ ಹೋಗುತ್ತದೆ. ತನ್ನ ಬೋಟಿನಲ್ಲಿ ಕೂತವರು ಮುಖ ಗಂಟಿಕ್ಕಿ, ಅವರಿಗೆ ಮಾತ್ರ ಚೆನ್ನಾಗಿ ಕಾಣಿಸಿತು ಎನ್ನುತ್ತಾರೆ. ಒಬ್ಬನ ಸಭ್ಯತೆಗೆ ಇಲ್ಲಿ ನಷ್ಟವೇ ಗತಿ. ಕಾಡಿನಲ್ಲಿ ಜೀಪುಗಳಿಗೆ ಸರದಿ ಇರುವಂತೆ ಇಲ್ಲೂ ಸರದಿ ಬೇಕು, ಪ್ರಾಣಿ ಕಂಡರೂ ಕಾಣದಿದ್ದರೂ ಬಾಡಿಗೆ ಕೈಸೇರಬೇಕು. ಗ್ಯಾರಂಟಿ ಹೋದರೆ ಬೆನ್ನಟ್ಟುವ ಕಾರಣವೂ ಹೋಗುತ್ತದೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಇರ್ರಾವಡ್ಡಿ ಡಾಲ್ಫಿನ್ ತೋರಿಸುವ ದೋಣಿಯವರಿಗೆ 50 ಮೀಟರ್ ಅಂತರದ ಸೂಚನೆ ಕೊಟ್ಟು ತರಬೇತಿ ನೀಡಿದ್ದಾರೆ. ಪಾಲನೆ ಎಲ್ಲ ಕಡೆ ಅಚ್ಚುಕಟ್ಟಾಗಿದೆ ಎಂದಲ್ಲ, ಬೊಟ್ಟು ಮಾಡಿ ತೋರಿಸಲು ಒಂದು ಗೆರೆಯಾದರೂ ಇದೆ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಮತ್ತೊಂದು ಬಗೆಯ ಪರೀಕ್ಷೆ. ಮೇಲಿನಿಂದ ಹೃದಯದ ಆಕಾರದಲ್ಲಿ ಕಾಣುವ ದ್ವೀಪವಾದ್ದರಿಂದ ದಂಪತಿ ಪ್ಯಾಕೇಜಿಗೆ ಹೇಳಿ ಮಾಡಿಸಿದ್ದು. ಸುತ್ತ ಹವಳ, ಗಿಳಿಮೀನು, ಬರಾಕುಡಾ, ಕಡಲಾಮೆ. ವೇಲ್ ಶಾರ್ಕ್ ಕಂಡವರೂ ಉಂಟು. ಈಜು ಬಾರದವರನ್ನೂ ತರಬೇತುದಾರರು ಹಿಡಿದುಕೊಂಡೇ ಕೆಳಗಿಳಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕುತ್ತು ಬರುವುದು ಫೋಟೊದ ಹೊತ್ತಿಗೆ. ಹೃದಯದ ಚಿತ್ರವಿರುವ ಫಲಕ ಹಿಡಿದು ನಿಲ್ಲಲು ಕಾಲಿಗೊಂದು ಆಸರೆ ಬೇಕು, ಕಾಲಡಿ ಸಿಗುವುದು ಹವಳ. ಕಲ್ಲಿನಂತೆ ಕಂಡರೂ ಅದು ಪ್ರಾಣಿಗಳ ಕಾಲೊನಿ, ಒಮ್ಮೆ ಮುರಿದರೆ ಬೆರಳಷ್ಟು ಉದ್ದ ಮತ್ತೆ ಬೆಳೆಯಲು ವರ್ಷಗಳು ಬೇಕು. ಹೆಂಡತಿಯ ಅಂಗೈಯಲ್ಲಿಟ್ಟು ಕ್ಲಿಕ್ಕಿಸಲು ನಕ್ಷತ್ರಮೀನನ್ನು ನೀರಿನಿಂದ ಮೇಲೆತ್ತುವುದು, ಮೀನು ಮುತ್ತಿಕೊಳ್ಳಲಿ ಎಂದು ಬ್ರೆಡ್ ಚೂರು ಎಸೆಯುವುದು ಇವೆಲ್ಲ ಪ್ರೀತಿಯಿಂದಲೇ ಆಗುವ ಕಿರುಕುಳ. ಹವಳದ ಮೇಲಿನ ಪಾಚಿ ಮೇಯಬೇಕಾದ ಮೀನು ಬ್ರೆಡ್ಡಿಗೆ ಕಾದು ನಿಂತರೆ ಪಾಚಿ ತೆಗೆಯುವವರು ಯಾರು? ಹವಳ, ಕಡಲಕುದುರೆ, ಕಡಲಸೌತೆ, ವೇಲ್ ಶಾರ್ಕ್ ಎಲ್ಲವೂ 2001ರಿಂದ ಮೊದಲ ಪರಿಚ್ಛೇದದ ರಕ್ಷಣೆಯಲ್ಲಿವೆ. ನೆನಪಿಗೆಂದು ಬ್ಯಾಗಿನಲ್ಲಿ ಬರುವ ಹವಳದ ತುಂಡಿಗೂ ಹುಲಿಯುಗುರಿಗೂ ಕಾನೂನಿನಲ್ಲಿ ದೊಡ್ಡ ಅಂತರವಿಲ್ಲ.

ಪ್ರಾಣಿ ಕಾಣಲೇಬೇಕೆಂಬ ಹಟದ ಕೊನೆಯ ಮೆಟ್ಟಿಲು ಕೊಳ. ಸಮುದ್ರಕ್ಕೆ ಹೋಗುವ ತಾಪತ್ರಯವೇ ಬೇಡ, ಟಿಕೆಟ್ ಕೊಂಡರೆ ಡಾಲ್ಫಿನ್ ಬಂದು ಮುತ್ತು ಕೊಡುತ್ತದೆ. ಭಾರತವೂ ಅದನ್ನು ಮಾಡಿ ನೋಡಿತ್ತು. 1998ರಲ್ಲಿ ಚೆನ್ನೈ ಹೊರವಲಯದ ಡಾಲ್ಫಿನ್ ಸಿಟಿಗೆ ಬಲ್ಗೇರಿಯಾದಿಂದ ತರಿಸಿದ ಡಾಲ್ಫಿನ್‌ಗಳು ತಿಂಗಳುಗಳಲ್ಲೇ ಸತ್ತವು. ಮುಂದೆ ಬೇರೆ ರಾಜ್ಯಗಳಲ್ಲಿ ಇಂಥದ್ದೇ ಪ್ರಸ್ತಾವಗಳು ಎದ್ದಾಗ ಕೇಂದ್ರ ಪರಿಸರ ಸಚಿವಾಲಯ 2013ರ ಮೇ ತಿಂಗಳಲ್ಲಿ ಡಾಲ್ಫಿನೇರಿಯಂಗಳಿಗೆ ಅನುಮತಿ ಇಲ್ಲವೆಂದಿತು. ಒಳ್ಳೆಯ ನಿರ್ಧಾರ. ಕೊಳದಲ್ಲಿ ಬೇಡವೆಂದ ಹಿಂಸೆ ಬಯಲು ಸಮುದ್ರದಲ್ಲಿ ಬೇರೆ ವೇಷದಲ್ಲಿ ನಡೆಯುತ್ತಿದೆ ಎಂಬುದನ್ನು ಮಾತ್ರ ಸಚಿವಾಲಯ ಇನ್ನೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ.

ಗ್ಯಾರಂಟಿ ಇಲ್ಲದೆ ಜನ ಬರುತ್ತಾರೆಯೇ? ಮಹಾರಾಷ್ಟ್ರದಲ್ಲೇ ಇದಕ್ಕೆ ಉತ್ತರವಿದೆ. ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಪುಟ್ಟ ಹಳ್ಳಿಯಲ್ಲಿ ಒಂದು ಕಾಲಕ್ಕೆ ಕಡಲಾಮೆಯ ಮೊಟ್ಟೆ ಕಳವಾಗುತ್ತಿತ್ತು. 2002ರಿಂದ ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಊರವರನ್ನು ಕಟ್ಟಿಕೊಂಡು ಗೂಡುಗಳನ್ನು ಕಾಯತೊಡಗಿತು, ಕೆಲವೇ ವರ್ಷಗಳಲ್ಲಿ ಅದು ಆಮೆ ಉತ್ಸವವಾಯಿತು. ಈಗ ನಗರಗಳಿಂದ ಜನ ಬಂದು ಹಳ್ಳಿಯ ಮನೆಗಳಲ್ಲೇ ಉಳಿಯುತ್ತಾರೆ, ಮೋದಕ ತಿನ್ನುತ್ತಾರೆ, ಬೆಳಿಗ್ಗೆ ಸಂಜೆ ಕಿನಾರೆಗೆ ಹೋಗಿ ಹಗ್ಗದ ಈಚೆ ನಿಲ್ಲುತ್ತಾರೆ. ಬುಟ್ಟಿ ಎತ್ತಿದಾಗ ಮರಿಗಳಿದ್ದರೆ ಸಮುದ್ರಕ್ಕೆ ತೆವಳುವುದನ್ನು ನೋಡುತ್ತಾರೆ. ಇಲ್ಲದಿದ್ದರೆ ವಾಪಸ್ ಬಂದು ಚಹಾ ಕುಡಿಯುತ್ತಾರೆ. ಮನೆಯೊಡತಿಗೆ ಊಟ–ವಸತಿಯ ದುಡ್ಡು ಎರಡೂ ದಿನ ಒಂದೇ. ಆಮೆ ಬಂದೇ ತೀರಬೇಕೆಂದು ಯಾರೂ ಅದರ ಮೇಲೆ ಟಾರ್ಚ್ ಬಿಡುವುದಿಲ್ಲ.

ಟಾರ್ಚಿನ ಮಾತು ಸುಮ್ಮನೆ ಬಂದದ್ದಲ್ಲ. ಉತ್ತರ ಕನ್ನಡದ ಕಿನಾರೆಗಳಿಗೂ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುತ್ತವೆ, ಅರಣ್ಯ ಇಲಾಖೆ ಮೀನುಗಾರರ ನೆರವಿನಿಂದ ಗೂಡುಗಳಿಗೆ ಬಲೆ ಕಟ್ಟಿ ಕಾಯುತ್ತದೆ. ಮರಿಗಳು ರಾತ್ರಿ ಹೊರಬಂದು ಬೆಳಕಿರುವ ದಿಕ್ಕಿಗೆ ನಡೆಯುತ್ತವೆ. ಮನುಷ್ಯ ದೀಪ ಹಚ್ಚುವ ಮೊದಲು ಆ ಬೆಳಕು ಸಮುದ್ರದ ಕಡೆಯೇ ಇರುತ್ತಿತ್ತು. ಈಗ ರೆಸಾರ್ಟಿನ ಫ್ಲಡ್‌ಲೈಟ್ ಹೊಳೆದರೆ ಮರಿ ಹೊರಳಿ ತೋಟದ ಕಡೆ ತೆವಳುತ್ತದೆ. ಅಲ್ಲಿ ನಾಯಿಯಿದೆ, ಕಾಗೆಯಿದೆ, ಬೆಳಗಾದರೆ ಬಿಸಿಲಿದೆ. ಕಡಲಿಗೆ ಮುಖ ಮಾಡಿದ ದೀಪಗಳಿಗೆ ಮರೆ ಕಟ್ಟಿ, ರಾತ್ರಿ ಹತ್ತರ ನಂತರ ಆರಿಸಿದರೆ ಯಾವ ರೆಸಾರ್ಟಿನ ವ್ಯಾಪಾರವೂ ಮುಳುಗುವುದಿಲ್ಲ. ಮಧುಚಂದ್ರಕ್ಕೆ ಬಂದವರು ಕತ್ತಲೆಗೆ ತಕರಾರು ತೆಗೆಯುವುದು ಕಡಿಮೆಯೇ.

ಕರ್ನಾಟಕಕ್ಕೆ ಈಗ ಒಂದು ಅವಕಾಶ ಒದಗಿದೆ. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ಪ್ರದೇಶದ ಸುಮಾರು 5,959 ಹೆಕ್ಟೇರ್ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವಾಗಿದೆ. ಅದೇ ಹೊನ್ನಾವರದ ಕಾಸರಕೋಡು ಕಿನಾರೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಅಲ್ಲೇ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಂದೇ ತಾಲ್ಲೂಕಿನಲ್ಲಿ ಇಷ್ಟೆಲ್ಲ ಎಳೆದಾಟವಿರುವಾಗ ಧಾಮದ ಬೋರ್ಡು ನೆಟ್ಟ ಮಾತ್ರಕ್ಕೆ ಏನೂ ಆಗದು. ಪ್ರವಾಸಿ ಬೋಟುಗಳ ಸಂಖ್ಯೆಗೆ ಮಿತಿ, ಪ್ರತಿ ಬೋಟಿಗೂ ತರಬೇತಿ ಪಡೆದ ಸ್ಥಳೀಯ ಮೀನುಗಾರ ಗೈಡ್, ಡಾಲ್ಫಿನ್‌ನಿಂದ ಕನಿಷ್ಠ 50 ಮೀಟರ್ ಅಂತರ, ಒಂದು ಗುಂಪಿನ ಹತ್ತಿರ ಒಮ್ಮೆಗೆ ಎರಡೇ ಬೋಟು, ಮರಿಯಿದ್ದರೆ ದೂರ, ಪ್ರಾಣಿ ಕಂಡರೂ ಕಾಣದಿದ್ದರೂ ಅದೇ ಬಾಡಿಗೆ. ಇವಿಷ್ಟು ಧಾಮದ ನಿರ್ವಹಣಾ ಯೋಜನೆಯಲ್ಲಿ ಬರಲಿ. ಅರಣ್ಯ, ಬಂದರು, ಪ್ರವಾಸೋದ್ಯಮ ಇಲಾಖೆಗಳು ಕಡತವನ್ನು ಪರಸ್ಪರ ತಳ್ಳಾಡದೆ ಮಳೆಗಾಲದ ಬಿಡುವಿನಲ್ಲಿ ಬೋಟಿನವರನ್ನು ಕೂರಿಸಿಕೊಂಡು ಬರೆದರೆ, ಅಕ್ಟೋಬರಿನಲ್ಲಿ ಪ್ರವಾಸದ ಹಂಗಾಮು ಶುರುವಾಗುವಾಗ ಟಿಕೆಟ್ ಕೌಂಟರಿನ ದರಪಟ್ಟಿಯ ಕೆಳಗೇ ಮರಾಠಿ, ಹಿಂದಿ, ಕನ್ನಡಗಳಲ್ಲಿ ಅಚ್ಚು ಹಾಕಿಸಬಹುದು.