ಮದುವೆ ಮನೆಗೆ ಹೊರಟ ನೆಂಟರಲ್ಲಿ ಒಂದು ವಿನಂತಿ

ಆಷಾಢ ಮುಗಿದು ಶ್ರಾವಣ ಕಾಲಿಟ್ಟಿತೆಂದರೆ ವಾಟ್ಸಾಪಿನಲ್ಲಿ ಬಯೋಡೇಟಾಗಳ ಓಡಾಟ ಶುರುವಾಗುತ್ತದೆ. ಮೇಲೆ ಗಣಪತಿಯ ಚಿತ್ರ, ಕೆಳಗೆ ಹೆಸರು, ನಕ್ಷತ್ರ, ರಾಶಿ, ಗೋತ್ರ, ಓದು, ಸಂಬಳ, ಎತ್ತರ, ಮೈಬಣ್ಣ. ಸ್ಥಿತಿವಂತರಾದರೆ ಕೊನೆಗೆ ಅಪ್ಪನ ಆಸ್ತಿಯ ಪಟ್ಟಿಯೂ ಉಂಟು: ಬೆಂಗಳೂರಲ್ಲಿ ಎರಡು ಸೈಟು, ಊರಲ್ಲಿ ಅಡಿಕೆ ತೋಟ, ಹೈವೇ ಪಕ್ಕ ಪೆಟ್ರೋಲ್ ಬಂಕು. ಹುಡುಗಿ ಎಂ.ಡಿ. ಮಾಡಿರಲಿ, ಅಪ್ಪನ ವ್ಯವಹಾರದ ಪೂರ್ತಿ ಲೆಕ್ಕ ಅವಳ ಕೈಯಲ್ಲೇ ಇರಲಿ, ಆ ಹಾಳೆ ನೋಡಿದವರ ಬಾಯಿಂದ ಮೊದಲು ಹೊರಡುವುದು ಎರಡರಲ್ಲಿ ಒಂದು ಮಾತು. ‘ಬಣ್ಣ ಸ್ವಲ್ಪ ಕಮ್ಮಿ ಅಲ್ವಾ?’ ಇಲ್ಲವೇ, ‘ಮೈ ಸ್ವಲ್ಪ ಜಾಸ್ತಿ ಆಯ್ತು.’

ಇನ್ನು ನಾಲ್ಕಾರು ತಿಂಗಳು ಛತ್ರದಿಂದ ಛತ್ರಕ್ಕೆ ಓಡಾಡಲಿರುವ ದೊಡ್ಡಮ್ಮಂದಿರು, ಚಿಕ್ಕಪ್ಪಂದಿರು, ಸೋದರತ್ತೆಯರು, ಪಕ್ಕದ ಮನೆಯ ಆಂಟಿಯರು, ನಿಮ್ಮೆಲ್ಲರಲ್ಲಿ ನನ್ನದೊಂದು ಕಳಕಳಿಯ ಮನವಿ. ಹುಡುಗಿಯ ಮೈಯ ಬಗ್ಗೆ ಮಾತಾಡುವುದನ್ನು ಬಿಟ್ಟುಬಿಡಿ. ಚುಚ್ಚಿ ಆಡುವುದನ್ನು ಬಿಡಿ ಎಂದಷ್ಟೇ ಕೇಳುತ್ತಿಲ್ಲ, ಪ್ರೀತಿಯಿಂದ ಆಡುವುದನ್ನೂ ತಮಾಷೆಗೆ ಆಡುವುದನ್ನೂ ಬಿಡಿ. ಇಷ್ಟು ಸಣ್ಣ ಸಂಗತಿಗೆ ಮನವಿ ಬೇರೆ ಬೇಕೇ ಎಂದು ನಿಮಗನ್ನಿಸಿದರೆ ಮುಂದಿನದನ್ನು ದಯವಿಟ್ಟು ಓದಿ.

‘ಕಾಸಿದ್ದವರ ಮನೆ ಹೆಣ್ಣಿಗೇನು ಕಷ್ಟ?’ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಸ್ವಂತ ಕಾರಿದೆ, ಹೊರದೇಶದಲ್ಲಿ ಓದಿದ್ದಾಳೆ, ಅಪ್ಪನಿಗೆ ಹತ್ತು ಜನರ ಪರಿಚಯವಿದೆ, ಇವಳನ್ನು ಯಾರು ಏನನ್ನುತ್ತಾರೆ ಎಂಬ ಎಣಿಕೆ. ನಾನು ಕಂಡದ್ದು ಬೇರೆ. ದಾವಣಗೆರೆ ಕಡೆಯ ಸಿರಿವಂತರ ಮನೆಯೊಂದರ ಗೃಹಪ್ರವೇಶ. ಮನೆಯ ಹುಡುಗಿ ಚಾರ್ಟರ್ಡ್ ಅಕೌಂಟೆಂಟು, ವಯಸ್ಸು ಇಪ್ಪತ್ತೈದರ ಆಸುಪಾಸು. ಬಾಗಿಲಲ್ಲಿ ಬಂದವರಿಗೆ ಅರಿಶಿನ ಕುಂಕುಮ ಕೊಡುತ್ತಾ ನಿಂತಿದ್ದಳು. ಹತ್ತಿರದ ನೆಂಟಳೊಬ್ಬಳು ಬಂದವಳೇ ಅವಳ ತೋಳು ಹಿಂಡಿ, ‘ಏನೇ ಇದು, ತೋಳೋ ತೊಡೆಯೋ! ಸ್ಲೀವ್‌ಲೆಸ್ ಬೇರೆ ಕೇಡು’ ಎಂದು ನಕ್ಕಳು. ಸುತ್ತ ಇದ್ದವರೂ ನಕ್ಕರು. ಹುಡುಗಿಯ ತಾಯಿಯೂ ನಕ್ಕಳು. ಆ ನಗುವೇ ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು, ಏಕೆಂದರೆ ಹುಡುಗಿ ಅಷ್ಟೂ ಜನರ ನಡುವೆ ಕಣ್ಣೆತ್ತಿ ನೋಡಿದ್ದು ತಾಯಿಯ ಮುಖವನ್ನೇ. ಆಮೇಲೆ ಸೆರಗನ್ನು ಎರಡೂ ತೋಳಿಗೆ ಹೊದ್ದುಕೊಂಡಳು. ಊಟಕ್ಕೆ ಕೂತಾಗ ಬಡಿಸಲು ಬಂದ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

ಸಂಜೆ ನೆಂಟರು ಚದುರಿದ ಮೇಲೆ ಅದೇ ಹೆಂಗಸು ಸೋಫಾದಲ್ಲಿ ಕೂತು ಒಂದು ಸಂಬಂಧದ ಮಾತೆತ್ತಿದಳು. ಹುಡುಗನಿಗೆ ಮೂವತ್ತಾರಂತೆ. ಓದು ಅಷ್ಟಕ್ಕಷ್ಟೆ, ಆದರೆ ಕಲ್ಲಿನ ಕ್ವಾರಿ ಇದೆ. ಹುಡುಗಿಯ ಅಪ್ಪ ಸ್ವಲ್ಪ ಹಿಂದೆ ಮುಂದೆ ನೋಡಿದಾಗ ಅವಳು ಹೇಳಿದ್ದು: ‘ನೋಡಿ ಅಣ್ಣಾ, ಇವಳ ಮೈಗೆ ಇಂಥ ಸಂಬಂಧ ಬಂದಿದ್ದೇ ಹೆಚ್ಚು.’

ಬೆಳಿಗ್ಗೆ ತಮಾಷೆಯಾಗಿದ್ದದ್ದು ಸಂಜೆಗೆ ಬೆಲೆ ಇಳಿಸುವ ಮಾತಾಯಿತು. ಮೈಯನ್ನು ಹಳಿಯುವುದು ಒಂದು ಕೆಟ್ಟ ಚಾಳಿ, ಮದುವೆಗೆ ಒತ್ತಾಯಿಸುವುದು ಇನ್ನೊಂದು ಎಂದು ನಾವು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೇವೆ. ಅವೆರಡೂ ಒಂದೇ ವ್ಯವಹಾರದ ಎರಡು ಕಂತುಗಳು. ಹದಿಮೂರು ಹದಿನಾಲ್ಕರಿಂದ ಹುಡುಗಿಯ ಕಿವಿಗೆ ‘ನಿನ್ನಲ್ಲಿ ಏನೋ ಕಮ್ಮಿ’ ಎಂದು ತುಂಬುತ್ತಾ ಬಂದರೆ ಇಪ್ಪತ್ತೈದಕ್ಕೆ ಅವಳು ‘ನನಗೆ ಈ ಹುಡುಗ ಬೇಡ’ ಎನ್ನುವ ಗಟ್ಟಿತನವನ್ನು ಕಳೆದುಕೊಂಡಿರುತ್ತಾಳೆ. ‘ಹೂಂ’ ಎಂದುಬಿಡುತ್ತಾಳೆ. ಅದನ್ನು ನಾವು ಒಪ್ಪಿಗೆ ಎಂದು ಕರೆದು ಲಗ್ನಪತ್ರಿಕೆ ಅಚ್ಚು ಹಾಕಿಸುತ್ತೇವೆ.

ದುಡ್ಡು ಇದರಿಂದ ಅವಳನ್ನು ಕಾಪಾಡುವುದಿಲ್ಲ, ಲೆಕ್ಕವನ್ನು ದೊಡ್ಡದು ಮಾಡುತ್ತದೆ ಅಷ್ಟೆ. ಬಡವರ ಮನೆಯಲ್ಲಿ ಬಣ್ಣ ಕಮ್ಮಿಯಾದರೆ ಎರಡು ತೊಲ ಬಂಗಾರ ಹೆಚ್ಚು ಕೇಳುತ್ತಾರೆ. ಸಿರಿವಂತರಲ್ಲಿ ಅದೇ ಕೊರತೆಯನ್ನು ಫ್ಲ್ಯಾಟು, ಕಾರು, ಅಳಿಯನ ನರ್ಸಿಂಗ್ ಹೋಮಿಗೆ ಬಂಡವಾಳ ಹಾಕಿ ತುಂಬುತ್ತಾರೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಕ್ಕೆ ಹೆದರಿ ಇಂಥ ಮನೆಗಳಲ್ಲಿ ಈಗ ಬಾಯಿಬಿಟ್ಟು ಕೇಳುವುದಿಲ್ಲ. ‘ನಮಗೇನೂ ಬೇಡಪ್ಪ, ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ’ ಎನ್ನುತ್ತಾರೆ. ಮಗಳ ತೂಕವನ್ನು ಆಗಲೇ ಎತ್ತಿ ಆಡಿರುವುದರಿಂದ ಏನು ಮಾಡಬೇಕೆಂದು ಅಪ್ಪನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಸ್ತಿವಂತರ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. 2005ರಲ್ಲಿ ಕೇಂದ್ರದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ಕಾನೂನು ಇಷ್ಟು ನಡೆದು ಬಂದರೂ ಮನೆಯೊಳಗಿನ ಲೆಕ್ಕ ನಿಂತಲ್ಲೇ ನಿಂತಿದೆ: ಮದುವೆಗೆ ಇಷ್ಟು ಖರ್ಚಾಯಿತು, ಅದೇ ಅವಳ ಪಾಲು. ಮದುವೆಯಾದ ವರ್ಷದೊಳಗೆ ಹಬ್ಬಕ್ಕೆ ಕರೆದು, ಮಡಿಲು ತುಂಬಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ ಕಳಿಸುವುದು ಎಷ್ಟು ಮನೆಗಳಲ್ಲಿ ನಡೆಯುತ್ತದೆಂದು ಓದುಗರಿಗೆ ನಾನು ಹೇಳಬೇಕಿಲ್ಲ. ‘ನಿನ್ನ ಮದುವೆಗೆ ನಾವು ಪಟ್ಟ ಪಾಡು ನಮಗೇ ಗೊತ್ತು’ ಎಂಬ ಮಾತನ್ನು ಕೇಳಿ ಬೆಳೆದ ಹುಡುಗಿ ಪತ್ರವನ್ನು ಓದಿಯೂ ನೋಡುವುದಿಲ್ಲ.

ಇನ್ನು ಮಾರುಕಟ್ಟೆ. ಬೆಳ್ಳಗಾಗಿಸುವ ಕ್ರೀಮೊಂದು 1975ರಿಂದ ನಮ್ಮ ಮನೆಗಳಲ್ಲಿದೆ. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಎಂಬುದು ಹೋಗಿ ‘ಗ್ಲೋ’ ಬಂತು. ಅದೇ ವರ್ಷ ದೊಡ್ಡ ವಿವಾಹ ಜಾಲತಾಣವೊಂದು, ಮೈಬಣ್ಣ ಆರಿಸಿ ಹುಡುಕುವ ಸೌಲಭ್ಯವನ್ನು ಹೆಣ್ಣುಮಕ್ಕಳ ಒತ್ತಾಯಕ್ಕೆ ಮಣಿದು ತೆಗೆಯಿತು. ಒಳ್ಳೆಯದೇ ಆಯಿತು, ಆದರೆ ಅಷ್ಟಕ್ಕೇ ನಿಂತಿತು. ಈಗ ಬ್ಯೂಟಿ ಕ್ಲಿನಿಕ್ಕುಗಳು ಮದುವೆಗೆ ಆರು ತಿಂಗಳ ಪ್ಯಾಕೇಜು ಮಾರುತ್ತವೆ. ಹಲ್ಲು, ಕೂದಲು, ಸೊಂಟ, ಬಣ್ಣ ಎಲ್ಲಕ್ಕೂ ಒಂದೊಂದು ದರ. ದುಡ್ಡಿಲ್ಲದ ಹುಡುಗಿ ಕಡಲೆಹಿಟ್ಟು ಅರಿಶಿನ ಹಚ್ಚಿಕೊಂಡು ಸುಮ್ಮನಾದರೆ ಸಿರಿವಂತರ ಮನೆಯವಳು ಲೇಸರಿನ ಕೆಳಗೆ ಮಲಗಬೇಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮುಗಳು ಮೊದಲು ಮುಖವನ್ನು ಬೆಳಗಿಸಿದಂತೆ ಮಾಡಿ, ಆಮೇಲೆ ಚರ್ಮವನ್ನು ತೆಳುವಾಗಿಸಿ, ಕೆಂಪೇರಿಸಿ, ಬೇಡದ ಕೂದಲು ಹುಟ್ಟಿಸುತ್ತವೆ ಎಂದು ಚರ್ಮವೈದ್ಯರು ಹೇಳಿ ಹೇಳಿ ಸೋತಿದ್ದಾರೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಮೂತ್ರಪಿಂಡದ ಕಾಯಿಲೆಯೊಂದಿಗೆ ಬಂದ ಹಲವರು ಬೆಳ್ಳಗಾಗುವ ಕ್ರೀಮು ಬಳಸುತ್ತಿದ್ದರೆಂದು ಅಲ್ಲಿನ ವೈದ್ಯರು ಗುರುತಿಸಿದರು. ಅವರು ಬೆರಳು ತೋರಿಸಿದ್ದು ಅದರೊಳಗಿನ ಪಾದರಸದ ಕಡೆಗೆ. ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ಜೀವ ಕಳೆದುಕೊಂಡರು. ಅವರದು ಮದುವೆಯ ವಿಷಯವಲ್ಲ, ವೃತ್ತಿಯ ವಿಷಯ. ಆದರೆ ಸೊಂಟದ ಅಳತೆಗೆ ಪ್ರಾಣವನ್ನು ಪಣಕ್ಕಿಡುವಂತೆ ಮಾಡುವ ಕಣ್ಣುಗಳು ಎರಡೂ ಕಡೆ ಒಂದೇ.

‘ನಾವು ಒಳ್ಳೇದಕ್ಕೇ ಹೇಳ್ತೀವಿ, ಅವಳ ಆರೋಗ್ಯ ನೋಡಬೇಡ್ವಾ?’ ಎನ್ನುವವರಿದ್ದಾರೆ. ನೋಡಿ, ಖಂಡಿತ ನೋಡಿ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಯಾವ ಅರಿಶಿನ ಕುಂಕುಮದಲ್ಲೂ ಯಾವ ಅತ್ತೆಯೂ ‘ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ ಮಗಾ?’ ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಮೈ ಬರುವುದಕ್ಕೆ, ಮುಖದ ಮೇಲೆ ಕೂದಲು ಮೊಡವೆ ಬರುವುದಕ್ಕೆ ಪಿಸಿಓಎಸ್, ಥೈರಾಯ್ಡ್‌ನಂಥ ಕಾರಣಗಳಿರುತ್ತವೆ. ಅನುಕೂಲಸ್ಥರ ಮನೆಯಲ್ಲಿ ಒಳ್ಳೆಯ ಡಾಕ್ಟರಿಗೆ ತೋರಿಸಲು ದುಡ್ಡಿಗೇನೂ ಬರವಿಲ್ಲ. ಆದರೂ ತೋರಿಸುವುದಿಲ್ಲ, ಇಲ್ಲವೇ ಊರು ಬಿಟ್ಟು ಊರಿಗೆ ಹೋಗಿ ಗುಟ್ಟಾಗಿ ತೋರಿಸುತ್ತಾರೆ. ಏಕೆಂದರೆ ಸುದ್ದಿ ಹಬ್ಬಿದರೆ ಸಂಬಂಧ ಬರುವುದಿಲ್ಲ! ಮುಟ್ಟು ಮೂರು ತಿಂಗಳಿಗೊಮ್ಮೆ ಬರುತ್ತಿದೆ ಎಂದು ಹುಡುಗಿ ಹೇಳಿದರೆ, ‘ಮದುವೆಯಾದ್ರೆ ಎಲ್ಲಾ ಸರಿಹೋಗುತ್ತೆ’ ಎಂಬ ಔಷಧಿ ಸಿದ್ಧವಾಗಿರುತ್ತದೆ. ಅದು ಸರಿಹೋಗುವುದಿಲ್ಲ. ಚಿಕಿತ್ಸೆ ಸಿಗಬೇಕಾದ ಐದಾರು ವರ್ಷ ಹೀಗೆ ಕಳೆದುಹೋಗಿ, ಮದುವೆಯಾದ ಮೇಲೆ ‘ವಿಶೇಷ ಏನಾದ್ರೂ ಇದೆಯಾ?’ ಎಂಬ ಹೊಸ ಪ್ರಶ್ನೆ ಶುರುವಾಗುತ್ತದೆ.

ಸಣಕಲು ಹುಡುಗಿಯರೂ ಸುಖವಾಗಿಲ್ಲ. ‘ಗಾಳಿ ಬಂದ್ರೆ ಹಾರಿಹೋಗ್ತೀಯ, ನಾಳೆ ಹೆರೋದು ಹೇಗೆ?’ ಎಂದು ಹದಿನೇಳರ ಹುಡುಗಿಯನ್ನು ಕೇಳುವವರನ್ನು ಏನೆನ್ನಬೇಕೋ. ಗಂಡುಮಕ್ಕಳಿಗೂ ಇದರ ಬಿಸಿ ತಟ್ಟಿದೆ. ಕೂದಲುದುರಿದ ಕನ್ನಡ ಮೇಷ್ಟ್ರೊಬ್ಬ ಹೆಣ್ಣು ಹುಡುಕುವ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಅಷ್ಟು ಜನರಿಗೆ ಹಿಡಿಸಿದ್ದು ಸುಮ್ಮನೆ ಅಲ್ಲ. ಆದರೆ ಗಂಡಿಗೆ ಒಳ್ಳೆಯ ಕೆಲಸ ಸಿಕ್ಕರೆ ಬೋಳುತಲೆ ಮರೆತುಹೋಗುತ್ತದೆ. ಹೆಣ್ಣಿಗೆ ಎಷ್ಟು ದೊಡ್ಡ ಕುರ್ಚಿ ಸಿಕ್ಕರೂ ಬಣ್ಣ ಬೆನ್ನು ಬಿಡುವುದಿಲ್ಲ. 2025ರ ಮಾರ್ಚಿನಲ್ಲಿ ಕೇರಳದ ಆಗಿನ ಮುಖ್ಯ ಕಾರ್ಯದರ್ಶಿ ಶಾರದಾ ಮುರಳೀಧರನ್ ಬಹಿರಂಗವಾಗಿ ಬರೆದುಕೊಂಡದ್ದು ನೆನಪಿರಬಹುದು. ಅವರಿಗಿಂತ ಮೊದಲು ಅದೇ ಹುದ್ದೆಯಲ್ಲಿದ್ದವರು ಅವರ ಗಂಡ. ಗಂಡನದು ಬಿಳಿ, ನಿಮ್ಮದು ಕಪ್ಪು ಎಂದು ಯಾರೋ ಅವರಿಬ್ಬರ ಅವಧಿಯನ್ನು ಹೋಲಿಸಿದ್ದರು. ನಾಲ್ಕು ವರ್ಷದವಳಿದ್ದಾಗ, ತನ್ನನ್ನು ಮತ್ತೆ ಹೊಟ್ಟೆಯೊಳಗೆ ಹಾಕಿಕೊಂಡು ಬೆಳ್ಳಗೆ ಮಾಡಿ ತರುತ್ತೀಯಾ ಎಂದು ಅಮ್ಮನನ್ನು ಕೇಳಿದ್ದೆನೆಂದೂ ಅವರು ಹೇಳಿಕೊಂಡರು. ಇಡೀ ರಾಜ್ಯದ ಆಡಳಿತ ನಡೆಸುವ ಹೆಂಗಸಿನ ಪಾಡು ಇದಾದರೆ ನಮ್ಮ ನಿಮ್ಮ ಮನೆಯ ಹುಡುಗಿಯ ಗತಿ ಏನು?

ಕಾನೂನಿಗೆ ಈ ಮಾತುಗಳು ಕೇಳಿಸತೊಡಗಿವೆ. ಗಂಡನ ಮನೆಯಲ್ಲಿ ಹೆಣ್ಣಿನ ದೇಹವನ್ನು ಹೀಯಾಳಿಸುವುದು ಮೇಲ್ನೋಟಕ್ಕೆ ಕ್ರೌರ್ಯವೇ ಎಂದು ಕೇರಳ ಹೈಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಅಲ್ಲಿ ಹೀಯಾಳಿಸಿದ ಆರೋಪ ಹೊತ್ತವಳು ಓರಗಿತ್ತಿ. ಅಂದರೆ ‘ನಾನೇನು ಗಂಡನಾ, ಅತ್ತೆನಾ’ ಎಂದು ಜಾರಿಕೊಳ್ಳುವ ದಾರಿ ಇಲ್ಲ. ಮದುವೆಯ ಆಯ್ಕೆಯ ಬಗ್ಗೆ ನಮ್ಮ ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಮಾತಾಡಿದೆ: ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯವರದಾಗಲಿ ಸಮುದಾಯದ್ದಾಗಲಿ ಅಪ್ಪಣೆ ಬೇಕಿಲ್ಲ. ಬೇಕೆನ್ನುವ ಹಕ್ಕು ಅವಳದಾದ ಮೇಲೆ ಬೇಡವೆನ್ನುವ ಹಕ್ಕೂ ಅವಳದೇ ತಾನೆ? ಆದರೆ ಗೃಹಪ್ರವೇಶದ ಪಂಕ್ತಿಗೆ ಪೊಲೀಸರು ಬರಲಾರರು. ಅಲ್ಲಿ ಇರುವವರು ನಾವೇ.

ಆದ್ದರಿಂದ ತಾಯಂದಿರೇ, ಯಾರಾದರೂ ನಿಮ್ಮ ಮಗಳ ಮೈ ನೋಡಿ ನಕ್ಕರೆ ಮುಲಾಜಿಗೂ ನಗಬೇಡಿ. ‘ಆ ಮಾತು ಬೇಡ, ಬನ್ನಿ ಊಟಕ್ಕೆ’ ಎಂದರೆ ಯಾವ ನೆಂಟಸ್ತನವೂ ಹರಿದುಹೋಗುವುದಿಲ್ಲ. ಹರಿದರೆ ಹರಿಯಲಿ. ತಂದೆಯಂದಿರೇ, ಮಗಳ ಹೆಸರಿನಲ್ಲಿ ಛತ್ರ ಬುಕ್ ಮಾಡುವ ಮೊದಲು ಅವಳ ಪಾಲು ಏನೆಂದು ಬರಹದಲ್ಲಿಡಿ. ಬೇಡವೆನ್ನಲು ಅದರಷ್ಟು ಧೈರ್ಯ ಕೊಡುವುದು ಬೇರೊಂದಿಲ್ಲ. ಸಮಾಜದ ಸಂಘಗಳ ಪದಾಧಿಕಾರಿಗಳೇ, ನೀವು ನಡೆಸುವ ವಧುವರರ ಸಮಾವೇಶದ ಅರ್ಜಿಯಿಂದ ಮೈಬಣ್ಣ, ತೂಕದ ಕಾಲಂ ಕಿತ್ತುಹಾಕಿ. ಹುಡುಗಿಯನ್ನು ವೇದಿಕೆಗೆ ಹತ್ತಿಸಿ ಮೈಕು ಕೊಟ್ಟು ಸಭೆಗೆ ತೋರಿಸುವ ಪದ್ಧತಿಯನ್ನೂ ನಿಲ್ಲಿಸಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ನಿಮ್ಮ ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು. ಹೆಣ್ಣು ನೋಡಲು ಹೊರಟಿರುವ ಹುಡುಗರೇ, ನಿಮ್ಮಮ್ಮ ಉಪ್ಪಿಟ್ಟು ಕೇಸರಿಬಾತು ತಿಂದು ಕಾರಿಗೆ ಹತ್ತಿದ ಕೂಡಲೇ ಆ ಹುಡುಗಿಯ ಸೊಂಟದ ಮಾತೆತ್ತುತ್ತಾರಲ್ಲ, ಅಲ್ಲೇ ತಡೆಯಿರಿ. ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದು ‘ಫುಲ್ ಸೈಜ್ ಫೋಟೊ ಕಳಿಸಿ’ ಎಂದು ಊರಿಗೆ ಬರೆಯುವವರಿಗೂ ಇದೇ ಮಾತು.

ಕೊನೆಗೆ, ಇದನ್ನೆಲ್ಲ ಸಹಿಸಿಕೊಂಡು ಕೂತಿರುವ ಹುಡುಗಿಯರಿಗೆ. ಬಂಗಲೆಯಲ್ಲಿದ್ದುಕೊಂಡು ದೂರು ಹೇಳಿದರೆ ಜನ ನಗುತ್ತಾರೆಂದು ನೀವು ಬಾಯಿ ಮುಚ್ಚಿಕೊಂಡಿದ್ದೀರಿ. ಇನ್ನು ಹಾಗಿರಬೇಡಿ, ನಗದೆ ಕೇಳುವವರಿದ್ದಾರೆ. ಬಲವಂತದ ಮದುವೆಗೆ ದೂಡುತ್ತಿದ್ದರೆ 181 ಮಹಿಳಾ ಸಹಾಯವಾಣಿ. ತುರ್ತಿಗೆ 112. ಊಟ ಬಿಟ್ಟು, ನಿದ್ದೆ ಬಿಟ್ಟು, ಬದುಕೇ ಬೇಡ ಅನ್ನಿಸುತ್ತಿದ್ದರೆ 14416, ಅದು ಟೆಲಿ ಮಾನಸ್. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.